ವರವಟ್ಟಿಯಿಂದ ವಿಧಾನಸೌಧಕ್ಕೆ: ವಲಸೆ ಬಂದ ಹುಡುಗ, ವಕೀಲ, ಶಾಸಕ ಮಲ್ಲಿಕಾರ್ಜುನ ಖರ್ಗೆ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಮ್ಮ ಭಾಗದ ಇತಿಹಾಸದ ಬಗ್ಗೆ ಒಂದು ಲೇಖನ ಬೇಕೆಂದು ಗುರುಗಳು ಕೇಳಿದರು. ಇತಿಹಾಸವೆಂದರೆ ನಮಗೆ ಮೊದಲು ನೆನಪಾಗುವುದು ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ. ಆಮೇಲೆ ಶಹಾಬಾದಿನ ಕಲ್ಲು, ವಾಡಿ ಜಂಕ್ಷನ್ನು. ಇವುಗಳ ಬಗ್ಗೆ ಬಲ್ಲವರು ಬಹಳ ಬರೆದಿದ್ದಾರೆ. ನಮ್ಮ ಅಜ್ಜ, ಅಪ್ಪಂದಿರ ಕಾಲದ ಇತಿಹಾಸವನ್ನು ಮಾತ್ರ ನಾವು ರಾಜಕೀಯವೆಂದು ಬದಿಗಿಡುತ್ತೇವೆ. ಅದರಿಂದ ಒಬ್ಬರ ಬದುಕನ್ನು ತೆಗೆದುಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ಅವರು ಮಲ್ಲಿಕಾರ್ಜುನ ಖರ್ಗೆಯವರು. ಇದು ಯಾವ ಪಕ್ಷದ ಪರವಾದ ಬರಹವೂ ಅಲ್ಲ. ಅವರಿಗೆ ಓಟು ಹಾಕಿದವರು, ಹಾಕದವರು ಇಬ್ಬರೂ ನಮ್ಮ ಹಳ್ಳಿಗಳಲ್ಲಿದ್ದಾರೆ, ಇಬ್ಬರೂ ಈ ಸಂಚಿಕೆಯನ್ನು ಓದುತ್ತಾರೆ. ಊರು ಬಿಟ್ಟು ಬಂದ ಒಬ್ಬ ಗಿರಣಿ ಕಾರ್ಮಿಕನ ಮಗ ಕಾನೂನು ಓದಿ, ವಕೀಲನಾಗಿ, ಮುಂದೆ ಕಾನೂನು ಮಾಡುವ ಸಭೆಯಲ್ಲಿ ಸುಮಾರು ಮೂವತ್ತೇಳು ವರ್ಷ ಕೂತದ್ದು ಹೇಗೆ, ಅದಕ್ಕೆ ಯಾವ ಯಾವ ಮೆಟ್ಟಿಲುಗಳು ಬೇಕಾದವು ಎಂದು ನೋಡುವುದಷ್ಟೇ ನನ್ನ ಉದ್ದೇಶ.

ಊರು ಬಿಟ್ಟ ಕುಟುಂಬ

ಖರ್ಗೆಯವರು ಹುಟ್ಟಿದ್ದು 1942ರ ಜುಲೈ 21ರಂದು, ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ. ಆಗ ಬೀದರ್, ಕಲಬುರಗಿ, ರಾಯಚೂರು ಮೂರೂ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮ ಭಾಗಕ್ಕೆ ಬರಲಿಲ್ಲ. ಆ ಮುಂದಿನ ಒಂದು ವರ್ಷ ರಜಾಕಾರರ ಹಾವಳಿಯ ಕಾಲ. ಬೀದರ್ ಜಿಲ್ಲೆಯ ಗೋರ್ಟಾ ಹತ್ಯಾಕಾಂಡ ನಡೆದದ್ದು 1948ರ ಮೇ ತಿಂಗಳಲ್ಲಿ. ಅದೇ ವರ್ಷ ವರವಟ್ಟಿಯಲ್ಲಿ ರಜಾಕಾರರು ಹಚ್ಚಿದ ಬೆಂಕಿಯಲ್ಲಿ ಖರ್ಗೆಯವರ ತಾಯಿ ಮತ್ತು ಸಹೋದರಿ ತೀರಿಕೊಂಡರು. ತಂದೆ ಮಾಪಣ್ಣ ಮತ್ತು ಐದಾರು ವರ್ಷದ ಹುಡುಗ ಮಲ್ಲಿಕಾರ್ಜುನ ಉಳಿದರು.

1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಳ್ವಿಕೆ ಮುಗಿಯಿತು. ಆದರೆ ಸುಟ್ಟ ಮನೆಗೆ ಮರಳುವುದು ಈ ತಂದೆ ಮಗನಿಗೆ ಆಗಲಿಲ್ಲ. ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟವರು ಕೊನೆಗೆ ಬಂದು ನೆಲೆ ನಿಂತದ್ದು ಕಲಬುರಗಿಯಲ್ಲಿ. ಆ ಕಾಲದಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಜನ ಹೀಗೆ ಊರೂರು ಅಲೆದಿದ್ದಾರೆ. ರಜಾಕಾರರಿಗೆ ಹೆದರಿ ಗಡಿ ದಾಟಿ ಸೊಲ್ಲಾಪುರದ ಕಡೆ ಹೋದವರಿದ್ದಾರೆ. ಕಾರ್ಯಾಚರಣೆಯ ನಂತರದ ದಿನಗಳಲ್ಲಿ ಜೀವಭಯದಿಂದ ಊರು ಬಿಟ್ಟ ಮುಸ್ಲಿಂ ಕುಟುಂಬಗಳೂ ಇವೆ. ನಮ್ಮ ಹಳ್ಳಿಗಳ ಹಿರಿಯರಲ್ಲಿ ಈ ನೆನಪುಗಳು ಇನ್ನೂ ಇವೆ. ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಗಿರಣಿ, ಶಾಲೆ, ಕಾಲೇಜು

ಕಲಬುರಗಿಯಲ್ಲಿ ಮಾಪಣ್ಣನವರಿಗೆ ಕೆಲಸ ಸಿಕ್ಕಿದ್ದು ಎಂ.ಎಸ್.ಕೆ. ಮಿಲ್‌ನಲ್ಲಿ. ಮೆಹಬೂಬ್ ಶಾಹಿ ಕಲಬುರ್ಗಿ ಮಿಲ್ ಎಂಬುದು ಅದರ ಪೂರ್ಣ ಹೆಸರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಶುರುವಾದ ಬಟ್ಟೆ ಗಿರಣಿ ಅದು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾದ ಮೇಲೆ ಮುಂಬೈ, ಮದ್ರಾಸು, ಹೈದರಾಬಾದ್ ಮೂರೂ ದಿಕ್ಕಿನ ಹಳಿಗಳು ವಾಡಿಯಲ್ಲಿ ಕೂಡಿದವು. ಹತ್ತಿ ಗಿರಣಿಗೆ, ಶಹಾಬಾದ್ ಕಲ್ಲಿಗೆ, ಮುಂದೆ ಸಿಮೆಂಟಿಗೆ ಈ ರೈಲೇ ದಾರಿ ಮಾಡಿತು. ಹೊಲ ಇಲ್ಲದವನಿಗೂ ತಿಂಗಳ ಪಗಾರ ಸಿಗುವ ಜಾಗ ಅಂದಿನ ನಮ್ಮ ಜಿಲ್ಲೆಯಲ್ಲಿ ಇಂಥ ಕೆಲವೇ ಇದ್ದವು. ಪಗಾರ ಇದ್ದುದರಿಂದ ಮಗ ಕೂಲಿಗೆ ಹೋಗದೆ ಶಾಲೆಗೆ ಹೋಗುವುದು ಸಾಧ್ಯವಾಯಿತು. ಇದು ಮೊದಲ ಮೆಟ್ಟಿಲು.

ಎರಡನೆಯದು ಶಾಲೆ. ಖರ್ಗೆಯವರು ಓದಿದ್ದು ಕಲಬುರಗಿಯ ನೂತನ ವಿದ್ಯಾಲಯದಲ್ಲಿ. ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದು, ಮೇಲಿನ ತರಗತಿಗಳ ಶಿಕ್ಷಣದ ಭಾಷೆಯೂ ಉರ್ದುವೇ. ಅಂಥ ಕಾಲದಲ್ಲಿ ಊರಿನವರೇ ಮುಂದೆ ನಿಂತು ಕಟ್ಟಿದ ಶಾಲೆಗಳಲ್ಲಿ ನೂತನ ವಿದ್ಯಾಲಯ ಒಂದು. ಅಲ್ಲಿಂದ ಅವರು ಕಲಬುರಗಿಯ ಸರ್ಕಾರಿ ಕಾಲೇಜಿಗೆ ಹೋಗಿ ಬಿ.ಎ. ಮಾಡಿದರು. ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯಾಗಿ ಆಯ್ಕೆಯಾದದ್ದು ಇದೇ ಕಾಲೇಜಿನಲ್ಲಿ. ಅವರು ಗೆದ್ದ ಮೊದಲ ಚುನಾವಣೆಗಳಲ್ಲಿ ಅದೂ ಒಂದು.

ಮೂರನೆಯ ಮೆಟ್ಟಿಲನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅದು ಕಲಬುರಗಿಯ ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜು. ಇದಕ್ಕೆ ಮುಂಚೆ ನಮ್ಮ ಭಾಗದವರು ವಕೀಲಿ ಓದಬೇಕಾದರೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು. ಚಿಂಚೋಳಿಯ ವೀರೇಂದ್ರ ಪಾಟೀಲರು ಅಲ್ಲಿಯೇ ಓದಿ ಬಂದರು. 1957ರಲ್ಲಿ ಚಿಂಚೋಳಿಯಿಂದ ಶಾಸಕರಾದರು, 1968ರಲ್ಲಿ ಮುಖ್ಯಮಂತ್ರಿಯಾದರು. ಜೇವರ್ಗಿಯ ಧರ್ಮಸಿಂಗ್ ಅವರೂ ಉಸ್ಮಾನಿಯಾದಲ್ಲೇ ಓದಿದವರು. ಮಗನನ್ನು ಹೈದರಾಬಾದಿನಲ್ಲಿಟ್ಟು ಓದಿಸುವ ಶಕ್ತಿ ಗಿರಣಿ ಕಾರ್ಮಿಕನಿಗೆ ಎಲ್ಲಿಂದ ಬರಬೇಕು? 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ಮುಂದಾಳುತನದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ಅದು ಮೊದಲು ಎಂಜಿನಿಯರಿಂಗ್ ಕಾಲೇಜು, ಆಮೇಲೆ ಕಾನೂನು, ವೈದ್ಯಕೀಯ ಕಾಲೇಜುಗಳನ್ನು ಕಲಬುರಗಿಗೇ ತಂದಿತು. ಮನೆಯ ಊಟ ಉಂಡು, ಸ್ವಂತ ಊರಿನಲ್ಲೇ ನಡೆದುಕೊಂಡು ಹೋಗಿ ಎಲ್‌ಎಲ್.ಬಿ. ಓದುವುದು ಸಾಧ್ಯವಾದದ್ದರಿಂದಲೇ ಈ ಹುಡುಗ ವಕೀಲನಾದ.

ನಾಲ್ಕನೆಯದು ಒಬ್ಬ ಹಿರಿಯರ ಆಸರೆ. ವಕೀಲಿ ವೃತ್ತಿಯಲ್ಲಿ ಡಿಗ್ರಿ ಸಾಲದು, ಕೂತು ಕಲಿಯಲು ಒಂದು ಆಫೀಸು ಬೇಕು. ಖರ್ಗೆಯವರು ಶಿವರಾಜ ವಿ. ಪಾಟೀಲರ ಆಫೀಸಿನಲ್ಲಿ ಜೂನಿಯರ್ ಆಗಿ ಸೇರಿದರು. ರಾಯಚೂರು ಜಿಲ್ಲೆಯಿಂದ ಬಂದ ಆ ಪಾಟೀಲರು ಮುಂದೆ ಹೈಕೋರ್ಟಿನ, ಆಮೇಲೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

ಅಪ್ಪ ದುಡಿದ ಗಿರಣಿಗೆ ಕಾನೂನು ಸಲಹೆಗಾರ

ವಕೀಲರಾದ ಮೇಲೆ ಖರ್ಗೆಯವರು ಹೆಚ್ಚಾಗಿ ಹಿಡಿದದ್ದು ಕಾರ್ಮಿಕರ ಕೇಸುಗಳನ್ನು. 1969ರಲ್ಲಿ ಎಂ.ಎಸ್.ಕೆ. ಮಿಲ್ ನೌಕರರ ಸಂಘಕ್ಕೆ ಕಾನೂನು ಸಲಹೆಗಾರರಾದರು. ತಂದೆ ದುಡಿದ ಗಿರಣಿಯ ಕಾರ್ಮಿಕರ ಪರವಾಗಿ ಮಗ ಕಾನೂನಿನ ಪುಸ್ತಕ ಹಿಡಿದು ನಿಂತರು. ಅದೇ ವರ್ಷ ಕಾಂಗ್ರೆಸ್ ಸೇರಿ ಕಲಬುರಗಿ ನಗರ ಘಟಕದ ಅಧ್ಯಕ್ಷರಾದರು.

ನಮ್ಮ ಕಡೆ ಕೋರ್ಟು ಕಚೇರಿ ಎಂದರೆ ಜನರಿಗೆ ಇಂದಿಗೂ ಭಯ. ವಕೀಲ, ವಕಾಲತ್ತು, ಫಿರ್ಯಾದಿ, ತಕರಾರು, ಜಾಮೀನು, ತಾರೀಖು ಇವೆಲ್ಲ ಅರಬಿ, ಫಾರಸಿಯಿಂದ ಬಂದ ಮಾತುಗಳು. ಹಳ್ಳಿಯವನಿಗೆ ಕಾನೂನು ಯಾವಾಗಲೂ ದೊಡ್ಡವರ ಭಾಷೆಯಲ್ಲೇ ಇತ್ತು, ಮೊದಲು ಉರ್ದು, ಆಮೇಲೆ ಇಂಗ್ಲಿಷು. ಆದರೆ ಕಾರ್ಮಿಕ ಕಾನೂನು ಹಾಗಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆ, 1965ರ ಬೋನಸ್ ಕಾಯ್ದೆ ಇವು ಕೂಲಿಯವನ ಪರವಾಗಿಯೂ ಮಾತಾಡುತ್ತಿದ್ದವು. ಕೆಲಸದಿಂದ ತೆಗೆಯುವುದಕ್ಕೆ ಒಂದು ಕ್ರಮ ಇರಬೇಕು, ಬೋನಸ್ಸು ಮಾಲೀಕನ ದಯೆಯಲ್ಲ, ಲೆಕ್ಕ ಹಾಕಿ ಕೊಡಬೇಕಾದ ಹಣ ಎಂದು ಈ ಕಾಯ್ದೆಗಳು ಹೇಳುತ್ತಿದ್ದವು. ಓದಿ ಹೇಳುವವನು ಒಬ್ಬ ಬೇಕು, ಅಷ್ಟೆ. ಶಹಾಬಾದಿನ ಕಲ್ಲು ಗಣಿಗಳಲ್ಲಿ, ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿದ ನಮ್ಮ ಹಿರಿಯರಿಗೆ ಅಂಥ ಒಬ್ಬ ವಕೀಲನ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಗುರುಮಠಕಲ್‌ನಿಂದ ಎಂಟು ಸಲದ ಶಾಸಕ

1972ರ ಚುನಾವಣೆಯಲ್ಲಿ ಖರ್ಗೆಯವರು ಗುರುಮಠಕಲ್ ಕ್ಷೇತ್ರದಿಂದ ಗೆದ್ದು ವಿಧಾನಸಭೆಗೆ ಹೋದರು. ಗುರುಮಠಕಲ್ ಆಗ ಯಾದಗಿರಿ ತಾಲ್ಲೂಕಿನಲ್ಲಿ, ಅಂದರೆ ಕಲಬುರಗಿ ಜಿಲ್ಲೆಯಲ್ಲೇ ಇತ್ತು. ರಾಜ್ಯದ ಹೆಸರು ಇನ್ನೂ ಮೈಸೂರು. ಅದು ಕರ್ನಾಟಕವಾದದ್ದು ಮರುವರ್ಷ ನವೆಂಬರ್ 1ರಂದು. ಅದೇ ಚುನಾವಣೆಯಲ್ಲಿ ಜೇವರ್ಗಿಯಿಂದ ಧರ್ಮಸಿಂಗ್ ಅವರೂ ಗೆದ್ದರು. ಇಬ್ಬರೂ ವಕೀಲರು, ಇಬ್ಬರೂ ಮುಂದೆ ಸೋಲದೆ ಬಹುಕಾಲ ಉಳಿದವರು. ಜನ ಇವರನ್ನು ಲವಕುಶರೆಂದು ಕರೆದರು.

ಮೊದಲ ಸಲದ ಶಾಸಕರಿಗೆ ದೇವರಾಜ ಅರಸರು ವಹಿಸಿದ ಕೆಲಸ ಆಕ್ಟ್ರಾಯ್ ರದ್ದತಿ ಸಮಿತಿಯ ಅಧ್ಯಕ್ಷತೆ. ಇದು 1973ರ ಮಾತು. ಇಂದಿನ ಮಕ್ಕಳಿಗೆ ಆಕ್ಟ್ರಾಯ್ ಎಂದರೆ ಗೊತ್ತಿರಲಿಕ್ಕಿಲ್ಲ. ಊರೊಳಗೆ ಸರಕು ತರುವ ಪ್ರತಿ ಗಾಡಿ, ಪ್ರತಿ ಲಾರಿ ಊರ ಹೊರಗಿನ ನಾಕಾದಲ್ಲಿ ನಿಂತು ಪುರಸಭೆಗೆ ಸುಂಕ ಕಟ್ಟಬೇಕಿತ್ತು. ತೊಗರಿ, ಜೋಳ, ಬೆಲ್ಲ ಯಾವುದೂ ಬಿಟ್ಟಿರಲಿಲ್ಲ. ಪುರಸಭೆಗಳಿಗೆ ಅದೇ ದೊಡ್ಡ ಆದಾಯವಾದ್ದರಿಂದ ಒಮ್ಮೆಲೇ ತೆಗೆಯುವುದೂ ಕಷ್ಟ. ಸಮಿತಿ ಪುರಸಭೆಗಳ ಹಣಕಾಸನ್ನು ಪರಿಶೀಲಿಸಿ ವರದಿ ಕೊಟ್ಟಿತು. 1979ರಲ್ಲಿ ಕರ್ನಾಟಕದಲ್ಲಿ ಆಕ್ಟ್ರಾಯ್ ಹೋಯಿತು.

1976ರಲ್ಲಿ ಅವರು ಪ್ರಾಥಮಿಕ ಶಿಕ್ಷಣದ ರಾಜ್ಯ ಸಚಿವರಾದರು. ಅದು ನಮ್ಮ ಶಾಲೆ ಕಣ್ಣು ಬಿಟ್ಟ ದಶಕವೇ. ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಮೀಸಲಾಗಿ ತುಂಬದೇ ಉಳಿದಿದ್ದ 16 ಸಾವಿರಕ್ಕೂ ಹೆಚ್ಚು ಶಿಕ್ಷಕರ ಹುದ್ದೆಗಳನ್ನು ಅವರ ಅವಧಿಯಲ್ಲಿ ತುಂಬಿದರು. ಪರಿಶಿಷ್ಟರು ನಡೆಸುವ ಶಾಲೆಗಳಿಗೆ ಸರ್ಕಾರದ ಅನುದಾನ ಮೊದಲ ಸಲ ಸಿಕ್ಕಿದ್ದೂ ಆಗಲೇ. ಒಂದು ಹುದ್ದೆ ತುಂಬಿದರೆ ಒಂದು ಮನೆಗೆ ಪಗಾರ ಬರುತ್ತದೆ, ಒಂದು ಹಳ್ಳಿಗೆ ಮೇಷ್ಟ್ರು ಬರುತ್ತಾರೆ. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು ಇದ್ದರೆ ತಾನೇ ಹೈಸ್ಕೂಲಿಗೆ ಮಕ್ಕಳು ಬರುವುದು?

ಉಳುವವನ ಅರ್ಜಿ

1980ರಲ್ಲಿ ಗುಂಡೂರಾಯರ ಸಂಪುಟದಲ್ಲಿ ಖರ್ಗೆಯವರು ಕಂದಾಯ ಸಚಿವರಾದರು. ಆ ಕಾಲದ ಭೂ ಸುಧಾರಣೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅನೇಕರ ಪಹಣಿಯ ಹಿಂದೆ ಈ ಕತೆ ಇದೆ.

ನಿಜಾಮರ ಕಾಲದಲ್ಲಿ ನಮ್ಮ ಭಾಗದ ಬಹಳಷ್ಟು ಹಳ್ಳಿಗಳು ಜಹಗೀರಿಗೆ ಸೇರಿದ್ದವು. 1949ರಲ್ಲಿ ಜಹಗೀರು ಹೋಯಿತು. 1950ರ ಹೈದರಾಬಾದ್ ಗೇಣಿ ಕಾಯ್ದೆ ಗೇಣಿದಾರರಿಗೆ ಕೊಂಚ ರಕ್ಷಣೆ ಕೊಟ್ಟಿತು. ಆದರೂ ಉಳುವವನ ಹೆಸರಿಗೆ ಹೊಲ ಆಗಿರಲಿಲ್ಲ. ದೇವರಾಜ ಅರಸರ ಸರ್ಕಾರ ಮಾಡಿದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅಂದಿನಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಅವನ ಹೆಸರಿಗೆ ಆಗುವಂತಾಯಿತು. ಅರ್ಜಿ ವಿಚಾರಣೆಗೆ ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅದರ ಅಧ್ಯಕ್ಷರು, ಸರ್ಕಾರ ನೇಮಿಸಿದ ಸದಸ್ಯರು ಜೊತೆಗೆ. ಅದರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು.

ಈ ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದು ಆಗಿನ ಕಾಯ್ದೆ ಹೇಳುತ್ತಿತ್ತು. ಜಮೀನ್ದಾರ ದೊಡ್ಡ ವಕೀಲನನ್ನು ಇಟ್ಟುಕೊಳ್ಳಬಲ್ಲ, ಗೇಣಿದಾರ ಇಟ್ಟುಕೊಳ್ಳಲಾರ, ಆದ್ದರಿಂದ ಇಬ್ಬರೂ ತಾವೇ ಬಂದು ಮಾತಾಡಲಿ ಎಂಬುದು ಅದರ ಅರ್ಥ. ಆದರೆ ಲಕ್ಷಗಟ್ಟಲೆ ಅರ್ಜಿ ಬಿದ್ದು ವಿಚಾರಣೆ ತಡವಾಯಿತು. ತಡವಾದಷ್ಟೂ ಉಳುವವನಿಗೇ ನಷ್ಟ, ಸಾಕ್ಷಿಗಳು ಸಾಯುತ್ತಾರೆ, ಒತ್ತಡ ಹೆಚ್ಚುತ್ತದೆ. ಖರ್ಗೆಯವರು ಕಂದಾಯ ಸಚಿವರಾಗಿದ್ದಾಗ ಈ ಕೆಲಸ ಬೇಗ ಮುಗಿಸಲು 400ಕ್ಕೂ ಹೆಚ್ಚು ನ್ಯಾಯಮಂಡಳಿಗಳು ಕೆಲಸ ಮಾಡಿದವು. ವಕೀಲರೊಬ್ಬರು ಸಚಿವರಾಗಿ, ವಕೀಲರಿಗೆ ಪ್ರವೇಶವಿಲ್ಲದ ನ್ಯಾಯಮಂಡಳಿಗಳನ್ನು ಹೆಚ್ಚಿಸಿ ಬಡವನ ಕೇಸು ಮುಗಿಸಲು ನೋಡಿದ್ದು ವಿಶೇಷವೇ ಸರಿ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1978, 1983, 1985, 1989, 1994, 1999, 2004 ಹೀಗೆ ಗುರುಮಠಕಲ್ ಅವರನ್ನು ಬಿಡಲಿಲ್ಲ. ಬಂಗಾರಪ್ಪ, ವೀರಪ್ಪ ಮೊಯಿಲಿಯವರ ಸಂಪುಟಗಳಲ್ಲಿ ಸಚಿವರಾದರು. 1994ರ ನಂತರ ವಿರೋಧ ಪಕ್ಷದ ನಾಯಕರಾದರು. 1999ರಲ್ಲಿ ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಗೃಹ ಸಚಿವರಾದರು. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅಪಹರಣವಾಗಿ 108 ದಿನ ರಾಜ್ಯ ಉಸಿರು ಹಿಡಿದು ಕೂತಾಗ ಗೃಹ ಖಾತೆ ಇವರ ಕೈಯಲ್ಲಿತ್ತು. ಮುಖ್ಯಮಂತ್ರಿ ಸ್ಥಾನ ಮಾತ್ರ ಹತ್ತಿರ ಬಂದು ಬಂದು ತಪ್ಪಿತು. 2004ರಲ್ಲಿ ಆ ಸ್ಥಾನ ಗೆಳೆಯ ಧರ್ಮಸಿಂಗ್ ಅವರಿಗೆ ಹೋದಾಗ ಖರ್ಗೆಯವರು ಅವರ ಸಂಪುಟದಲ್ಲಿ ಸಚಿವರಾಗಿ ಕೆಲಸ ಮಾಡಿದರು.

2008ರಲ್ಲಿ ಕ್ಷೇತ್ರ ಮರುವಿಂಗಡಣೆಯಾಗಿ ಚಿತ್ತಾಪುರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಅವರು ನಮ್ಮ ಚಿತ್ತಾಪುರಕ್ಕೆ ಬಂದು ಗೆದ್ದು ಒಂಬತ್ತನೇ ಸಲ ಶಾಸಕರಾದರು. ಮರುವರ್ಷ ಕಲಬುರಗಿಯಿಂದ ಲೋಕಸಭೆಗೆ ಗೆದ್ದು ವಿಧಾನಸಭೆ ಬಿಟ್ಟರು.

ದೆಹಲಿಯಲ್ಲಿ ನಮ್ಮ ಹೆಸರಿನ ಒಂದು ಕಲಂ

ಕೇಂದ್ರದಲ್ಲಿ ಅವರಿಗೆ ಸಿಕ್ಕ ಖಾತೆ ಕಾರ್ಮಿಕ ಖಾತೆ. ಕಾರ್ಖಾನೆ ಕಾರ್ಮಿಕರ ವಿಮೆಯ ಇ.ಎಸ್.ಐ. ಸಂಸ್ಥೆ ಈ ಖಾತೆಗೆ ಸೇರಿದ್ದು. ಕಲಬುರಗಿಯ ದೊಡ್ಡ ಇ.ಎಸ್.ಐ. ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಆ ಕಾಲದ ಕೊಡುಗೆ.

ಆದರೆ ನಮ್ಮ ಮಕ್ಕಳ ಬದುಕನ್ನು ಹೆಚ್ಚು ಬದಲಿಸಿದ್ದು ಸಂವಿಧಾನದ 371ಜೆ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯ ಸೇರಿದೆವು. ಅದೇ ಹಳೆಯ ಸಂಸ್ಥಾನದ ತೆಲಂಗಾಣ ಭಾಗ ಆಂಧ್ರಪ್ರದೇಶ ಸೇರಿತು. ಆಂಧ್ರಕ್ಕೆ 1973ರಲ್ಲಿಯೇ 371ಡಿ ಬಂತು. ನಮಗೆ ಬರಲಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಪಟ್ಟಿ ಮಾಡಿದಾಗ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಅದರಲ್ಲಿದ್ದವು.

371ಜೆ ಒಬ್ಬರ ಸಾಧನೆಯಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ಚಿಂಚೋಳಿಯ ಶಾಸಕರಾಗಿದ್ದ ವೈಜನಾಥ ಪಾಟೀಲರು ವರ್ಷಗಟ್ಟಲೆ ಬೀದಿಯಲ್ಲಿ ಹೋರಾಡಿದರು. ರಾಜ್ಯದ ಎರಡೂ ಸದನಗಳು ನಿರ್ಣಯ ಕಳಿಸಿದವು. ಆಗ ಬೀದರ್ ಸಂಸದರಾಗಿದ್ದ ಧರ್ಮಸಿಂಗ್, ಕೇಂದ್ರ ಸಂಪುಟದೊಳಗಿದ್ದ ಖರ್ಗೆಯವರು ಒಳಗಿನಿಂದ ಒತ್ತಿದರು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿ, ಸಂವಿಧಾನದ 98ನೇ ತಿದ್ದುಪಡಿಯಾಯಿತು. ಬೀದಿಯ ಹೋರಾಟ ಮತ್ತು ಕಾನೂನು ಬಲ್ಲವರ ಪಟ್ಟು ಎರಡೂ ಸೇರಿದಾಗಲೇ ಆ ಕಲಂ ಬಂತು.

ಅದರ ಪ್ರಕಾರ ನಮ್ಮ ಭಾಗದ ವೃತ್ತಿ ಶಿಕ್ಷಣ ಕಾಲೇಜುಗಳ ಶೇ. 70 ಸೀಟು, ರಾಜ್ಯದ ಉಳಿದೆಡೆ ಶೇ. 8 ಸೀಟು ಸ್ಥಳೀಯರಿಗೆ ಮೀಸಲು. ಸರ್ಕಾರಿ ನೌಕರಿಯಲ್ಲೂ ಪಾಲಿದೆ. ನಾನು ಬಿಇ ಸೇರಿದಾಗ ಇದು ಇರಲಿಲ್ಲ. ನಮ್ಮ ನಂತರದ ಬ್ಯಾಚಿನವರಿಗೆ ಸಿಕ್ಕಿತು. ಸ್ಥಳೀಯ ಎಂದರೆ ಇಲ್ಲಿ ಹುಟ್ಟಿದವನು ಮಾತ್ರವಲ್ಲ, ಹತ್ತು ವರ್ಷ ಇಲ್ಲಿ ನೆಲೆಸಿದವನೂ ಸ್ಥಳೀಯನೇ ಎಂದು ನಿಯಮ ಹೇಳುತ್ತದೆ. ಹೊಟ್ಟೆಪಾಡಿಗಾಗಿ ವಾಡಿಗೆ, ಶಹಾಬಾದಿಗೆ ಬಂದು ನೆಲೆಸಿದವರ ಮಕ್ಕಳನ್ನೂ ಈ ನಿಯಮ ನಮ್ಮವರೆಂದೇ ಎಣಿಸುತ್ತದೆ.

ಸೋಲು, ಮತ್ತು ಉಳಿದ ಪ್ರಶ್ನೆ

2019ರ ಲೋಕಸಭಾ ಚುನಾವಣೆಯಲ್ಲಿ ಖರ್ಗೆಯವರು ಸೋತರು. ಹನ್ನೊಂದು ಗೆಲುವಿನ ನಂತರದ ಮೊದಲ ಸೋಲು. ಗೆದ್ದವರು ಚಿಂಚೋಳಿಯ ಶಾಸಕರಾಗಿದ್ದ ಡಾ. ಉಮೇಶ ಜಾಧವ. ಇಷ್ಟು ವರ್ಷ ಅಧಿಕಾರದಲ್ಲಿದ್ದೂ ನಮ್ಮ ಭಾಗ ಹೀಗೇಕೆ ಎಂಬ ಪ್ರಶ್ನೆ ಆಗ ಗಟ್ಟಿಯಾಗಿ ಕೇಳಿತು. ಅದು ನ್ಯಾಯವಾದ ಪ್ರಶ್ನೆಯೇ. ಇಂದಿಗೂ ನಮ್ಮ ಹಳ್ಳಿಗಳಿಂದ ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮಕ್ಕಳು ಶಾಲೆ ಬಿಟ್ಟು ಅವರ ಹಿಂದೆ ಹೋಗುತ್ತಾರೆ. 2020ರಲ್ಲಿ ಖರ್ಗೆಯವರು ರಾಜ್ಯಸಭೆಗೆ ಹೋದರು. 2022ರ ಅಕ್ಟೋಬರ್‌ನಲ್ಲಿ ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರಾದರು. ಕರ್ನಾಟಕದಿಂದ ಎಸ್. ನಿಜಲಿಂಗಪ್ಪನವರ ನಂತರ ಆ ಸ್ಥಾನಕ್ಕೇರಿದವರು ಇವರೇ. ಒಬ್ಬರು ಎಷ್ಟೇ ಮೇಲೆ ಏರಿದರೂ ಊರು ತಾನಾಗಿ ಏರುವುದಿಲ್ಲ ಎಂಬುದನ್ನೂ ಈ ಇತಿಹಾಸ ಕಲಿಸುತ್ತದೆ.

ನನಗೆ ಮುಖ್ಯವಾಗಿ ಕಾಣುವುದು ಇದು. ಆ ಹುಡುಗ ಬುದ್ಧಿವಂತ, ಛಲವಂತ, ಸರಿ. ಆದರೆ ಪಗಾರ ಕೊಟ್ಟ ಗಿರಣಿ, ಶಾಲೆ, ಸರ್ಕಾರಿ ಕಾಲೇಜು, ಕಾನೂನು ಕಾಲೇಜು, ಕಲಿಸುವ ಹಿರಿಯ, ಕಾರ್ಮಿಕ ಸಂಘ ಎಲ್ಲವೂ ಒಂದೇ ಊರಿನಲ್ಲಿ ಕೈಗೆ ಎಟಕುವಂತಿದ್ದವು. ಅದರಲ್ಲಿ ಒಂದು ಇಲ್ಲದಿದ್ದರೂ ಈ ಕತೆ ನಡುವೆಯೇ ನಿಲ್ಲುತ್ತಿತ್ತು. ಎಂ.ಎಸ್.ಕೆ. ಮಿಲ್ ಎಂದೋ ಮುಚ್ಚಿತು, ಈಗ ಬಡಾವಣೆಯ ಹೆಸರಾಗಿ ಉಳಿದಿದೆ. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆಯೂ ನಿಂತಿತು. ಉಳಿದ ಮೆಟ್ಟಿಲುಗಳಲ್ಲಿ ನಮ್ಮ ಕೈಯಲ್ಲಿರುವುದು ಈ ಶಾಲೆ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ಎರಡು ಮಾತು. ಒಂದು, ಅಪ್ಪ ಅಮ್ಮ ಗುಳೆ ಹೋದಾಗ ಹತ್ತನೇ ತರಗತಿಯ ಮಕ್ಕಳು ಊರಲ್ಲೇ ಉಳಿದು ಓದುವಂತೆ ಊಟ, ವಸತಿಗೆ ನಾವು ಕೈಜೋಡಿಸೋಣ. ಎರಡು, ಎಸ್ಸೆಸ್ಸೆಲ್ಸಿ ಮುಗಿಸುವ ಪ್ರತಿ ಮಗುವಿನ ಕೈಯಲ್ಲಿ 371ಜೆ ಅರ್ಹತಾ ಪತ್ರ ಇರುವಂತೆ ನೋಡಿಕೊಳ್ಳೋಣ. ಅದನ್ನು ಕೊಡುವುದು ಅಸಿಸ್ಟೆಂಟ್ ಕಮಿಷನರ್ ಕಚೇರಿ. ಕಾಗದ ಪತ್ರ ಜೋಡಿಸುವುದಕ್ಕೆ ಶಾಲೆಯಲ್ಲೇ ವರ್ಷಕ್ಕೊಂದು ದಿನ ಕೂತರೆ ಸಾಕು, ನಮ್ಮಂಥ ಕಂಪ್ಯೂಟರಿನ ಕೆಲಸದವರು ಬಂದು ಅರ್ಜಿ ತುಂಬಿಕೊಡುತ್ತೇವೆ. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಮಗುವಿನ ಕೈಗೆ ಬರಬೇಕು.